ಬೆವರಿನ ಉಪ್ಪು

ಕಂಕನಾಡಿಯ ಎಪ್ರಿಲ್ ತಿಂಗಳನ್ನು ಬಲ್ಲವರಿಗೆ ಬೆವರಿನ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಬಸಳೆ ಕೊಂಡು ಮರಳುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಒಣಗಿದ ಮೇಲೆ ಕಾಲರಿನ ಸುತ್ತ ಬಿಳಿಯ ಗೆರೆಯೊಂದು ಉಳಿಯುತ್ತದೆ. ಅದು ಉಪ್ಪಿನ ಗೆರೆ. ಅಷ್ಟು ಉಪ್ಪನ್ನು ಕಳೆದುಕೊಂಡರೂ ನಾವು ನೀವು ಮಧ್ಯಾಹ್ನ ಒಂದು ಬಟ್ಟಲು ಗಂಜಿ, ಒಂದು ಹೋಳು ಉಪ್ಪಿನಕಾಯಿ ತಿಂದು ಚೇತರಿಸಿಕೊಳ್ಳುತ್ತೇವೆ. ಹಾಗೆ ಚೇತರಿಸಿಕೊಳ್ಳಲಾರದ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರ ಬೆವರಿನ ಬಗೆಗೆ, ಅದರ ಉಪ್ಪನ್ನು ಬೆನ್ನಟ್ಟಿ ಹೋದ ವೈದ್ಯವಿಜ್ಞಾನ ಎಲ್ಲಿಗೆ ತಲುಪಿತು ಎಂಬುದರ ಬಗೆಗೆ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರಿಲ್ಲ. ಹೆಸರಿಲ್ಲದಿರುವುದೇ ಇದನ್ನು ನಾವು ಎಷ್ಟು ಕಾಲ ಕಾಣದೆ ಹೋದೆವು ಎಂಬುದಕ್ಕೆ ಸಾಕ್ಷಿಯಾಗಿದೆ.

ಕಾಣದೆ ಹೋದವರಲ್ಲಿ ನಾನೂ ಒಬ್ಬ. 1986ರ ಎಪ್ರಿಲಿನ ಒಂದು ಮಧ್ಯಾಹ್ನ ಕಂಕನಾಡಿಯ ನನ್ನ ಚಿಕಿತ್ಸಾಲಯಕ್ಕೆ ನೇತ್ರಾವತಿಯ ಆಚೆ ದಡದ ಒಂದು ಹಳ್ಳಿಯಿಂದ ತಾಯಿಯೊಬ್ಬಳು ಎರಡು ವರ್ಷದ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಗಂಡ ಹಂಚಿನ ಕಾರ್ಖಾನೆಯಲ್ಲಿ ಕೆಲಸಗಾರ. ಆಕೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳು. ಮಗುವಿಗೆ ತಿಂಗಳುಗಟ್ಟಲೆ ಕೆಮ್ಮು. ಹಸಿವು ಬೇಕಾದಷ್ಟು ಉಂಟು, ಮೈ ಮಾತ್ರ ಹತ್ತುವುದಿಲ್ಲ; ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಮಲ ಜಿಡ್ಡುಜಿಡ್ಡಾಗಿ, ನೀರಿನಲ್ಲಿ ತೇಲುವಂತೆ, ಸಹಿಸಲಾರದ ವಾಸನೆಯಿಂದ ಹೋಗುತ್ತಿತ್ತು. ಇಷ್ಟನ್ನೂ ಹೇಳಿ ಮುಗಿಸಿ, ಎದ್ದು ಹೊರಡುವಾಗ ಆಕೆ ಸಂಕೋಚದಿಂದ ಒಂದು ಮಾತು ಸೇರಿಸಿದಳು: "ಡಾಕ್ಟ್ರೇ, ಇವನಿಗೆ ಮುತ್ತು ಕೊಟ್ಟರೆ ಬಾಯಿ ಉಪ್ಪುಪ್ಪು ಆಗ್ತದೆ."

ನಾನು ನಕ್ಕೆ. "ಎಪ್ರಿಲಿನಲ್ಲಿ ಮಂಗಳೂರಲ್ಲಿ ಯಾರಿಗೆ ಮುತ್ತು ಕೊಟ್ಟರೂ ಉಪ್ಪೇ ಅಮ್ಮಾ" ಎಂದೆ. ಆಕೆಯೂ ನಕ್ಕಳು. ವೈದ್ಯನ ಹಾಸ್ಯಕ್ಕೆ ಬಡವರು ನಗಲೇಬೇಕಲ್ಲ.

ಎದೆಯ ಕ್ಷಕಿರಣ ಚಿತ್ರದಲ್ಲಿ ನೆರಳುಗಳಿದ್ದವು. ನಮ್ಮ ನಾಡಿನಲ್ಲಿ ಸೊರಗಿದ ಮಗು, ಹಳೆಯ ಕೆಮ್ಮು, ಎದೆಯಲ್ಲಿ ನೆರಳು ಎಂದರೆ ಕ್ಷಯ. ಕ್ಷಯದ ಔಷಧಗಳನ್ನು ಬರೆದುಕೊಟ್ಟೆ. ಹತ್ತರಲ್ಲಿ ಒಂಬತ್ತು ಸಲ ಆ ನಿರ್ಣಯ ತಪ್ಪಾಗುತ್ತಿರಲಿಲ್ಲ. ಇದು ಹತ್ತನೆಯ ಸಲವಾಗಿತ್ತು. ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ಆ ಮಗು ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡಿತು. ಕ್ಷಯದಿಂದ ತೀರಿಕೊಂಡಿತೆಂದೇ ನಾನು ತಿಳಿದಿದ್ದೆ.

ಅದೇ ತಾಯಿ 1990ರ ಮೇ ತಿಂಗಳಲ್ಲಿ ಐದು ತಿಂಗಳ ಹೆಣ್ಣುಕೂಸನ್ನು ತಂದಳು. ಕೂಸು ಬಾಡಿದ ಎಲೆಯಂತೆ ಜೋತುಬಿದ್ದಿತ್ತು. ಕಣ್ಣು ಗುಳಿಬಿದ್ದಿದ್ದವು, ನಾಲಗೆ ಒಣಗಿತ್ತು. ಆದರೆ ವಾಂತಿ ಇಲ್ಲ, ಭೇದಿ ಇಲ್ಲ. ಹಾಗಿದ್ದರೆ ಮೈಯ ನೀರೆಲ್ಲ ಎಲ್ಲಿಗೆ ಹೋಯಿತು? ರಕ್ತ ಪರೀಕ್ಷಿಸಿದಾಗ ಸೋಡಿಯಮ್ಮೂ ಕ್ಲೋರೈಡೂ, ಎಂದರೆ ನಮ್ಮ ಅಡುಗೆಯ ಉಪ್ಪಿನ ಎರಡು ಅಂಶಗಳೂ, ನಂಬಲಾಗದಷ್ಟು ಕಡಿಮೆಯಿದ್ದವು. ಉಪ್ಪುನೀರನ್ನು ರಕ್ತನಾಳಕ್ಕೆ ಕೊಟ್ಟ ಕೆಲವೇ ಗಂಟೆಗಳಲ್ಲಿ ಕೂಸು ಕಣ್ಣು ಬಿಟ್ಟಿತು. ಆ ರಾತ್ರಿ ಮನೆಯಲ್ಲಿ ಹಳೆಯ ಪಠ್ಯಪುಸ್ತಕವನ್ನು ತೆರೆದು ಕುಳಿತಾಗ, ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಓದಿ ಮರೆತಿದ್ದ ಒಂದು ಪುಟ ಸಿಕ್ಕಿತು. ನಾಲ್ಕು ವರ್ಷಗಳ ಹಿಂದೆ ನಾನು ನಕ್ಕು ಕಳಿಸಿದ ಮಾತೇ ಆ ಪುಟದಲ್ಲಿ ರೋಗಲಕ್ಷಣವೆಂದು ಅಚ್ಚಾಗಿತ್ತು.

ಆ ಪುಟದ ಹಿಂದೆ ಇರುವ ಕಥೆ ಕೇಳುವಂಥದು. 1930ರ ದಶಕದಲ್ಲಿ ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಮೃತಶಿಶುಗಳ ಶವಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಶಸ್ತ್ರವೈದ್ಯೆಯಾಗಬೇಕೆಂದು ಬಯಸಿದ್ದವರು, ಹೆಂಗಸೆಂಬ ಕಾರಣಕ್ಕೆ ಅವಕಾಶ ದೊರೆಯದೆ ರೋಗನಿದಾನದ ಪ್ರಯೋಗಾಲಯಕ್ಕೆ ಬಂದವರು. ಆಹಾರ ಮೈಗೆ ಹತ್ತದೆ ಸತ್ತಿತೆಂದು ಬರೆದಿದ್ದ ಒಂದು ಮಗುವಿನ ಮೇದೋಜೀರಕ ಗ್ರಂಥಿಯನ್ನು ಕೊಯ್ದು ನೋಡಿದಾಗ, ಅಲ್ಲಿ ಜೀರ್ಣರಸದ ಗ್ರಂಥಿಯ ಬದಲು ಗಂಟುಗಂಟಾದ ನಾರೂ ಚಿಕ್ಕ ಚಿಕ್ಕ ನೀರುಗುಳ್ಳೆಗಳೂ ಕಂಡವು. ಅವರು ಅಷ್ಟಕ್ಕೆ ಬಿಡಲಿಲ್ಲ. ಹಳೆಯ ದಾಖಲೆಗಳನ್ನೆಲ್ಲ ಕೆದಕಿ ಇಂಥ 49 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ 1938ರಲ್ಲಿ ಪ್ರಕಟಿಸಿದರು. ರೋಗಕ್ಕೆ ಹೆಸರು ಬಂದುದು ಆ ನೀರುಗುಳ್ಳೆಗಳಿಂದ, ಆ ನಾರಿನಿಂದ. ಜೀರ್ಣರಸ ಹರಿಯದುದರಿಂದ ಉಂಡ ಜಿಡ್ಡು ಹಾಗೆಯೇ ಹೊರಬೀಳುತ್ತದೆ. ಎದೆಯಲ್ಲಿ ಲೋಳೆ ಅಂಟಿನಂತೆ ಗಟ್ಟಿಯಾಗಿ ಶ್ವಾಸನಾಳಗಳನ್ನು ಮುಚ್ಚುತ್ತದೆ. ಮುಚ್ಚಿದ ನಾಳದಲ್ಲಿ ಕ್ರಿಮಿಗಳು ಬೀಡುಬಿಡುತ್ತವೆ. ಆ ಕಾಲದಲ್ಲಿ ಈ ರೋಗವಿದ್ದ ಮಕ್ಕಳಲ್ಲಿ ಹೆಚ್ಚಿನವರು ಶಾಲೆಗೆ ಸೇರುವ ವಯಸ್ಸನ್ನು ಕಾಣುತ್ತಿರಲಿಲ್ಲ.

ಅನಂತರ ಬಂದುದು 1948ರ ಬೇಸಿಗೆ. ನ್ಯೂಯಾರ್ಕ್ ನಗರದಲ್ಲಿ ಬಿಸಿಲಿನ ಅಲೆಯೊಂದು ಎದ್ದಿತು. ಬಿಸಿಲಿಗೆ ಬಳಲಿ ಆಸ್ಪತ್ರೆ ಸೇರಿದ ಎಳೆಯ ಮಕ್ಕಳನ್ನು ನೋಡುವಾಗ, ಅವರಲ್ಲಿ ಹಲವರು ಈ ಅಪರೂಪದ ರೋಗದ ಮಕ್ಕಳೇ ಎಂಬುದು ಆಂಡರ್ಸನ್ನರ ಮತ್ತು ಅವರ ಜೊತೆಗಾರರ ಗಮನಕ್ಕೆ ಬಂತು. ಬಿಸಿಲು ಎಲ್ಲರಿಗೂ ಒಂದೇ. ಈ ಮಕ್ಕಳೇ ಏಕೆ ಮೊದಲು ಬಿದ್ದರು? ಅದೇ ಆಸ್ಪತ್ರೆಯ ಪಾಲ್ ಡಿ ಸಾಂತ್ ಆನ್ಯೇಸೆ ಅವರ ಬೆವರನ್ನೇ ಪರೀಕ್ಷಿಸಿದರು. ಅದರಲ್ಲಿ ಉಪ್ಪು ಬೇರೆ ಮಕ್ಕಳ ಬೆವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. 1953ರಲ್ಲಿ ಇದು ಪ್ರಕಟವಾಯಿತು. ನ್ಯೂಯಾರ್ಕಿಗೆ ಒಂದು ವಾರ ಬಂದು ಹೋದ ಸೆಕೆ ನಮ್ಮ ಕರಾವಳಿಯಲ್ಲಿ ಮೂರು ತಿಂಗಳು ಇರುತ್ತದೆ. ಅಲ್ಲಿ ಒಂದು ವಾರದಲ್ಲಿ ಕಂಡುದನ್ನು ನಾವು ಇಲ್ಲಿ ಮೂರು ತಿಂಗಳಿದ್ದರೂ ಏಕೆ ಕಾಣಲಿಲ್ಲವೆಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಎಲ್ಲರೂ ಬೆವರುವ ಊರಿನಲ್ಲಿ ಒಬ್ಬನ ಬೆವರನ್ನು ಯಾರು ಗಮನಿಸುತ್ತಾರೆ?

ಯುರೋಪಿನ ಹಳ್ಳಿಗಾಡಿನ ಅಜ್ಜಿಯರಿಗೆ ಇದು ವೈದ್ಯರಿಗಿಂತ ಮೊದಲೇ ತಿಳಿದಿತ್ತು. ಮುತ್ತಿಟ್ಟಾಗ ಹಣೆ ಉಪ್ಪಾಗುವ ಮಗು ಬಹುಕಾಲ ಬದುಕದು, ಅದಕ್ಕೆ ಮಾಟ ತಗಲಿದೆ ಎಂಬ ನಂಬಿಕೆ ಅಲ್ಲಿ ಶತಮಾನಗಳಿಂದ ಇತ್ತು. ಮಾಟದ ಮಾತನ್ನು ಬಿಟ್ಟುಬಿಡಿ. ಕಂಡದ್ದು ಸರಿಯಾಗಿಯೇ ಇತ್ತು.

ಬೆವರನ್ನು ಅಳೆಯುವ ನಿಖರವಾದ ವಿಧಾನವನ್ನು 1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು ರೂಪಿಸಿದರು. ಪೈಲೊಕಾರ್ಪಿನ್ ಎಂಬ ಔಷಧವನ್ನು ಅತಿ ಸಣ್ಣ ವಿದ್ಯುತ್ ಪ್ರವಾಹದಿಂದ ಮುಂಗೈಯ ಚರ್ಮದೊಳಕ್ಕೆ ಇಳಿಸಿ, ಅಷ್ಟೇ ಜಾಗ ಬೆವರುವಂತೆ ಮಾಡಿ, ಆ ಬೆವರನ್ನು ಸಂಗ್ರಹಿಸುವುದು. ಸೂಜಿಯಿಲ್ಲ, ನೋವಿಲ್ಲ. ಒಂದು ಲೀಟರು ಬೆವರಿನಲ್ಲಿ ಕ್ಲೋರೈಡು 60 ಮಿಲಿಮೋಲ್ ಅಥವಾ ಅದಕ್ಕೂ ಹೆಚ್ಚಿದ್ದರೆ ರೋಗವಿದೆಯೆಂದೇ ಲೆಕ್ಕ; 30ಕ್ಕಿಂತ ಕಡಿಮೆಯಿದ್ದರೆ ಇರುವ ಸಂಭವ ಬಹಳ ಕಡಿಮೆ. ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಜಗತ್ತಿನಾದ್ಯಂತ ಇದೇ ಪರೀಕ್ಷೆಯನ್ನು ನೆಚ್ಚಿಕೊಂಡಿದ್ದಾರೆ. ಹೊಸ ಯಂತ್ರಗಳಿಗೆ ಮಾರುಹೋಗುವ ನಮ್ಮ ವೃತ್ತಿಯಲ್ಲಿ ಇಂಥ ದೀರ್ಘಾಯುಷ್ಯ ವಿರಳ.

ನನ್ನ ಐದು ತಿಂಗಳ ರೋಗಿಗೆ ಈ ಪರೀಕ್ಷೆ ಮಾಡಿಸಲು 1990ರಲ್ಲಿ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳುಹಿಸಬೇಕಾಯಿತು. ಫಲಿತಾಂಶ ಅಂಚೆಯಲ್ಲಿ ಬಂತು. ಅಂಕಿ ನೂರನ್ನು ದಾಟಿತ್ತು. ಆ ಕಾಗದವನ್ನು ಹಿಡಿದು ಅಣ್ಣನಿಗೂ ಇದೇ ಇತ್ತೆಂದು ಆ ತಾಯಿಗೆ ಹೇಳಿದೆ. ನೀವು ಅಂದು ಹೇಳಿದ ಮಾತನ್ನು ನಾನು ಕೇಳಲಿಲ್ಲವೆಂದೂ ಹೇಳಿದೆ. ಆಕೆ ಅದಕ್ಕೇನೂ ಹೇಳಲಿಲ್ಲ. "ಇವಳಿಗೆ ಏನು ಮಾಡುವುದು, ಅದನ್ನು ಹೇಳಿ" ಎಂದಳು.

ನಮ್ಮ ಪೀಳಿಗೆಯ ವೈದ್ಯರಿಗೆ ಇದು ಬಿಳಿಯರ ರೋಗವೆಂದು ಕಲಿಸಿದ್ದರು. ಭಾರತದ ಮಕ್ಕಳಲ್ಲಿ ಇದು ಇದೆಯೆಂಬ ಮೊದಲ ವರದಿ 1968ರಲ್ಲೇ ಚಂಡೀಗಢದಿಂದ ಬಂದಿತ್ತು. ಆದರೂ ನಂಬಿಕೆ ಕದಲಲಿಲ್ಲ. ಹುಡುಕದವನಿಗೆ ಕಾಣುವುದಿಲ್ಲ, ಕಾಣದುದರಿಂದ ಇಲ್ಲವೆನ್ನುತ್ತಾನೆ, ಇಲ್ಲವೆಂದ ಮೇಲೆ ಹುಡುಕುವುದೇಕೆ? ಈ ಗಾಣದ ಸುತ್ತನ್ನು ಮುರಿದವರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಎಸ್. ಕೆ. ಕಾಬ್ರಾ ಮತ್ತು ಅವರ ಜೊತೆಗಾರರನ್ನು ಹೆಸರಿಸಲೇಬೇಕು. ಆಮದು ಯಂತ್ರಕ್ಕೆ ಕಾಯದೆ ಬೆವರು ಸಂಗ್ರಹಿಸುವ ಸ್ವದೇಶೀ ಸಾಧನವನ್ನು ಅವರು ರೂಪಿಸಿದರು; 2003ರಲ್ಲಿ 120 ಭಾರತೀಯ ಮಕ್ಕಳ ವಿವರಗಳನ್ನು ಪ್ರಕಟಿಸಿದರು. ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಮಾಡಿದ ಇನ್ನೊಂದು ಅಂದಾಜಿನಂತೆ, ನಮ್ಮಲ್ಲಿ ಸುಮಾರು ನಲವತ್ತು ಸಾವಿರದಿಂದ ಒಂದು ಲಕ್ಷ ಜನನಗಳಿಗೆ ಒಂದು ಮಗುವಿಗೆ ಈ ರೋಗವಿರಬಹುದು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ. ಲೆಕ್ಕ ಹಾಕಿ ನೋಡಿ. ಪ್ರತಿವರ್ಷ ಹತ್ತರಿಂದ ಇಪ್ಪತ್ತೈದು ಮಕ್ಕಳು. ಇವರಲ್ಲಿ ಎಷ್ಟು ಮಂದಿ ಕ್ಷಯವೆಂದೋ, ಉಬ್ಬಸವೆಂದೋ, ಪೌಷ್ಟಿಕತೆಯ ಕೊರತೆಯೆಂದೋ ಬರೆಸಿಕೊಂಡು ತೀರಿಕೊಳ್ಳುತ್ತಾರೆ ಎಂಬುದಕ್ಕೆ ಲೆಕ್ಕವಿಲ್ಲ.

ಇದು ಅಂಟುರೋಗವಲ್ಲ, ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ವಂಶವಾಹಿಗಳು ಒಂದುಗೂಡಿದಾಗ ಮಾತ್ರ ಬರುವಂಥದು. ಒಂದೇ ಕೆಟ್ಟದ್ದಿರುವವರಿಗೆ ಈ ರೋಗವಿರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನ ಮಗಳನ್ನು ತರುವ ಪದ್ಧತಿಯಿರುವ ಮನೆತನಗಳಲ್ಲಿ ಒಂದೇ ಕೆಟ್ಟ ವಂಶವಾಹಿ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚು. ನಾನು ಹೇಳುತ್ತಿರುವ ದಂಪತಿಗಳು ಬಂಧುಗಳಲ್ಲ. ಅವರದು ಬರಿಯ ದುರದೃಷ್ಟ.

ಏನು ಮಾಡುವುದೆಂದು ಆಕೆ ಕೇಳಿದಳಲ್ಲ, ಅಂದು ಮಾಡಬಹುದಾಗಿದ್ದುದು ಇಷ್ಟು. ಊಟದ ಮೊದಲು ಜೀರ್ಣಕಿಣ್ವದ ಔಷಧ. ಗಂಜಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಉಪ್ಪು, ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಎರಡು ಸಲ ಮಗುವನ್ನು ತೊಡೆಯ ಮೇಲೆ ತಲೆಕೆಳಗಾಗಿ ಮಲಗಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಬೆನ್ನಿಗೆ ತಟ್ಟಿ, ಎದೆಯ ಲೋಳೆಯನ್ನು ಸಡಿಲಿಸುವುದು. ಬೀಡಿ ಕಟ್ಟಿ ಚುರುಕಾದ ಆ ಕೈಗಳು ಈ ಕೆಲಸವನ್ನು ನನ್ನ ದಾದಿಯರಿಗಿಂತ ಚೆನ್ನಾಗಿ ಕಲಿತವು. ಎಳವೆಯಲ್ಲಿ ಆ ಹುಡುಗಿ ಮಾವಿನ ಮಿಡಿಯ ಭರಣಿಯ ಅಂಚಿನಲ್ಲಿ ಒಣಗಿದ ಉಪ್ಪನ್ನು ನೆಕ್ಕುವುದನ್ನು ಕಂಡು ಅಜ್ಜಿ ಗದರಿಸುತ್ತಿದ್ದಳಂತೆ. ನೆಕ್ಕಲಿ ಬಿಡಿ ಎಂದು ಹೇಳಿದೆ. ಮೈಗೆ ಬೇಕಾದುದನ್ನು ನಾಲಗೆ ಹುಡುಕಿಕೊಂಡಿತ್ತು.

ಉಪ್ಪಿನ ಮಾತು ಬಂದಾಗ ಇನ್ನೊಂದನ್ನು ಹೇಳಿಬಿಡುತ್ತೇನೆ. ಆಸ್ಟ್ರೇಲಿಯದಲ್ಲಿ ಸಮುದ್ರದ ತೆರೆಗಳ ಮೇಲೆ ಹಲಗೆಯಾಡುವ ಈ ರೋಗದ ತರುಣರು, ಕಡಲಿಗಿಳಿದ ದಿನ ತಮಗೆ ಉಸಿರು ಹಗುರವಾಗುತ್ತದೆ ಎಂದು ವೈದ್ಯರಿಗೆ ಹೇಳುತ್ತಿದ್ದರು. ಅಲ್ಲಿನ ವೈದ್ಯರು ನನ್ನಂತೆ ನಗಲಿಲ್ಲ. ಶೇಕಡಾ 7ರ ಉಪ್ಪುನೀರನ್ನು ಆವಿಯಂತೆ ಮಾಡಿ ರೋಗಿಗಳಿಗೆ ಉಸಿರಾಡಿಸಿ ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಎದೆಯ ಸೋಂಕು ಮರುಕಳಿಸುವುದು ಕಡಿಮೆಯಾಯಿತೆಂದು 2006ರಲ್ಲಿ ಪ್ರಕಟಿಸಿದರು. ಒಳಗೆ ಹೋದ ಉಪ್ಪು ನೀರನ್ನು ಸೆಳೆದು ಲೋಳೆಯನ್ನು ತೆಳುವಾಗಿಸುತ್ತದೆ. ಔಷಧದ ಬೆಲೆ ಬಹಳ ಕಡಿಮೆ. ನಮ್ಮ ಹುಡುಗಿಗೂ ಇದರಿಂದ ಉಪಕಾರವಾಯಿತು. ಹಾಗೆಂದು ಉಳ್ಳಾಲದ ಕಡಲಿಗಿಳಿದು ನೀರು ಕುಡಿಯಲು ನಾನು ಯಾರಿಗೂ ಹೇಳುತ್ತಿಲ್ಲ.

ಇವೆಲ್ಲ ರೋಗದ ರೆಂಬೆಗಳನ್ನು ಸವರುವ ಕೆಲಸ. ಬೇರು ಎಲ್ಲಿದೆ? 1983ರಲ್ಲಿ ಕ್ಯಾಲಿಫೋರ್ನಿಯದ ಪಾಲ್ ಕ್ವಿಂಟನ್ ಎಂಬ ಶರೀರಶಾಸ್ತ್ರಜ್ಞ ಅದನ್ನು ಬೆವರಿನ ನಾಳದಲ್ಲಿಯೇ ಕಂಡರು. ಬೆವರು ಹುಟ್ಟುವಾಗ ಎಲ್ಲರಲ್ಲಿಯೂ ಉಪ್ಪಾಗಿಯೇ ಇರುತ್ತದೆ. ನಾಳದಲ್ಲಿ ಮೇಲೇರುವಾಗ ಗೋಡೆಯ ಜೀವಕೋಶಗಳು ಉಪ್ಪಿನ ಬಹುಪಾಲನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. ಈ ರೋಗಿಗಳಲ್ಲಿ ಕ್ಲೋರೈಡು ದಾಟುವ ಬಾಗಿಲು ಮುಚ್ಚಿರುತ್ತದೆ. ಉಪ್ಪು ಮರಳಲಾರದೆ ಚರ್ಮಕ್ಕೆ ಬರುತ್ತದೆ. ಅದೇ ಬಾಗಿಲು ಶ್ವಾಸನಾಳದಲ್ಲಿ ಮುಚ್ಚಿದ್ದರೆ ಉಪ್ಪೂ ಅದರ ಹಿಂದೆ ಹೋಗುವ ನೀರೂ ಹೊರಬಾರದೆ ಲೋಳೆ ಒಣಗುತ್ತದೆ. ಒಂದು ಬಾಗಿಲು ಕೆಟ್ಟು ಒಂದು ಕಡೆ ಉಪ್ಪಿನ ಹೊಳೆ, ಇನ್ನೊಂದು ಕಡೆ ಬರಗಾಲ. ಕ್ವಿಂಟನ್ ಸ್ವತಃ ಈ ರೋಗವನ್ನು ಹೊತ್ತು ಹುಟ್ಟಿದವರು. ತನ್ನ ಮೈಯೊಳಗಿನ ಕಳ್ಳನನ್ನು ತಾನೇ ಹಿಡಿದ ಇಂಥ ವಿಜ್ಞಾನಿಗಳು ಎಷ್ಟು ಮಂದಿ ಇದ್ದಾರು!

ಆರು ವರ್ಷಗಳ ಮೇಲೆ, 1989ರಲ್ಲಿ, ಟೊರಾಂಟೊದ ಲ್ಯಾಪ್-ಚೀ ತ್ಸುಯಿ ಮತ್ತು ಜಾನ್ ರಿಯೊರ್ಡನ್, ಮಿಶಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಆ ಬಾಗಿಲಿನ ನಕ್ಷೆಯಿರುವ ವಂಶವಾಹಿಯನ್ನು ಏಳನೆಯ ವರ್ಣತಂತುವಿನಲ್ಲಿ ಪತ್ತೆಮಾಡಿದವು. ಬಾಗಿಲು 1,480 ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಪ್ರೋಟೀನು. ಪಾಶ್ಚಾತ್ಯ ರೋಗಿಗಳಲ್ಲಿ ಬಹುಪಾಲು ಮಂದಿಗೆ ಅದರ 508ನೆಯ ಮಣಿಯೊಂದು ಇಲ್ಲ. ಒಂದೇ ಒಂದು ಮಣಿ! ಅಷ್ಟರಿಂದಲೇ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ, ಜೀವಕೋಶ ಅದನ್ನು ಕೆಟ್ಟ ಸರಕೆಂದು ಒಳಗೇ ನಾಶಮಾಡಿಬಿಡುತ್ತದೆ. ಅದಲ್ಲದೆ ಇದೇ ವಂಶವಾಹಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಬೇರೆ ಬೇರೆ ವ್ಯತ್ಯಾಸಗಳು ಈವರೆಗೆ ದಾಖಲಾಗಿವೆ.

ನನ್ನ ರೋಗಿ ಹುಟ್ಟಿದ್ದು ಈ ಸುದ್ದಿ ಬಂದ ಕೆಲವೇ ತಿಂಗಳುಗಳಲ್ಲಿ. ಇನ್ನು ಹತ್ತು ವರ್ಷಗಳಲ್ಲಿ ರೋಗ ಗುಣವಾಗುತ್ತದೆಂದು ಪತ್ರಿಕೆಗಳು ಬರೆದವು. ನಾನೂ ಆ ತಾಯಿಗೆ ಹಾಗೆಯೇ ಹೇಳಿದೆ. ಸರಿಯಾದ ವಂಶವಾಹಿಯನ್ನು ವೈರಸ್ಸಿನ ಬೆನ್ನಿನ ಮೇಲೇರಿಸಿ ಶ್ವಾಸನಾಳಕ್ಕೆ ಕಳುಹಿಸುವ ಪ್ರಯೋಗಗಳು 1993ರಲ್ಲಿ ಮೊದಲಾದವು. ಶ್ವಾಸಕೋಶ ಇರುವುದೇ ಹೊರಗಿನಿಂದ ಬಂದ ವೈರಸ್ಸುಗಳನ್ನು ತಡೆಯುವುದಕ್ಕೆ. ಅದು ತನ್ನ ಧರ್ಮವನ್ನು ಪಾಲಿಸಿತು. ಹತ್ತು ವರ್ಷ ಹೋಯಿತು, ಇಪ್ಪತ್ತು ವರ್ಷವೂ ಹೋಯಿತು. ಆಕೆ ಕೇಳುವುದನ್ನು ನಿಲ್ಲಿಸಿದಳು. ನಾನು ಹೇಳುವುದನ್ನು ನಿಲ್ಲಿಸಿದೆ.

ಇಲ್ಲಿ ಕಂಕನಾಡಿಯ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಹಂಚತೊಡಗಿದವರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. ಆಗ ಕುಷ್ಠಕ್ಕೆ ಔಷಧವಿರಲಿಲ್ಲ. ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಅನ್ನ ಹಾಕುವುದು, ಇಷ್ಟೇ. ಅವರು 1910ರಲ್ಲಿ ತೀರಿಕೊಂಡರು. ಸಲ್ಫೋನ್ ವರ್ಗದ ಮೊದಲ ಔಷಧ ಬಂದುದು 1940ರ ದಶಕದಲ್ಲಿ; ಕುಷ್ಠವನ್ನು ನಿಶ್ಚಯವಾಗಿ ಗುಣಪಡಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು 1982ರಲ್ಲಿ. ಅಷ್ಟು ವರ್ಷಗಳೂ ಯಾರೋ ಗಾಯ ತೊಳೆಯುತ್ತಲೇ ಇದ್ದರು. ಆ ದಾರಿಯಾಗಿ ನಡೆದು ಹೋಗುವಾಗಲೆಲ್ಲ, ಔಷಧ ಬರುವವರೆಗೆ ರೋಗಿಯನ್ನು ಉಳಿಸಿಕೊಳ್ಳುವುದೂ ವೈದ್ಯವೇ ಅಲ್ಲವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಮಾಧಾನಕ್ಕೆ ಹೇಳಿಕೊಂಡ ಮಾತೆಂದು ಬೇಕಾದರೆ ತಿಳಿಯಿರಿ.

ಕೊನೆಗೆ ಔಷಧ ಬಂದುದು ಯಾರೂ ನಿರೀಕ್ಷಿಸದ ದಾರಿಯಿಂದ. ಕೆಟ್ಟ ವಂಶವಾಹಿಯನ್ನು ಬದಲಾಯಿಸುವ ಬದಲು, ಅದು ತಯಾರಿಸಿದ ಕೆಟ್ಟ ಬಾಗಿಲನ್ನೇ ರಿಪೇರಿ ಮಾಡಬಾರದೇಕೆ? ರೋಗಿಗಳ ತಂದೆತಾಯಿಗಳು 1955ರಲ್ಲಿ ಅಮೆರಿಕದಲ್ಲಿ ಕಟ್ಟಿದ್ದ ಪ್ರತಿಷ್ಠಾನವೊಂದು ತಾನು ಸಂಗ್ರಹಿಸಿದ ಚಂದಾಹಣವನ್ನು ಒಂದು ಔಷಧ ಕಂಪನಿಯ ಸಂಶೋಧನೆಗೆ ಸುರಿಯಿತು. ಸಾವಿರ ಸಾವಿರ ರಾಸಾಯನಿಕಗಳನ್ನು ಒಂದೊಂದಾಗಿ ಜೀವಕೋಶಗಳ ಮೇಲೆ ಹಾಕಿ, ಯಾವುದರಿಂದ ಬಾಗಿಲು ಅಲುಗುತ್ತದೆಂದು ಯಂತ್ರಗಳಿಂದ ನೋಡಿದರು. 2012ರ ಜನವರಿಯಲ್ಲಿ ಐವಾಕಾಫ್ಟರ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಜಾಗಕ್ಕೆ ಬಂದು ಕೂತಿದ್ದರೂ ತೆರೆಯದ ಬಾಗಿಲನ್ನು ತೆರೆಸುವ ಔಷಧ. ಅಂಥ ರೋಗಿಗಳು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. 508ನೆಯ ಮಣಿಯಿಲ್ಲದವರಿಗೆ ಬಾಗಿಲು ಜಾಗಕ್ಕೇ ಬಂದಿರುವುದಿಲ್ಲವಲ್ಲ. ಬಡಗಿಯೊಬ್ಬ ಸೊಟ್ಟ ಕದವನ್ನು ನೆಟ್ಟಗೆ ಮಾಡಿ ದಾರಂದಕ್ಕೆ ಕೂರಿಸಿ, ಆಮೇಲೆ ತಿರುಗಣಿಗೆ ಎಣ್ಣೆ ಹಾಕುವಂತೆ, ಮಡಚುವಿಕೆಯನ್ನು ತಿದ್ದುವ ಎರಡು ಔಷಧಗಳನ್ನು ಇದರೊಡನೆ ಸೇರಿಸಿದರು. ಎಲೆಕ್ಸಾಕಾಫ್ಟರ್, ಟೆಜಾಕಾಫ್ಟರ್, ಐವಾಕಾಫ್ಟರ್ ಎಂಬ ಈ ಮೂರರ ಕೂಟಕ್ಕೆ 2019ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಬಂತು, ಮೊದಲು 12 ವರ್ಷ ದಾಟಿದವರಿಗೆ, 2021ರಲ್ಲಿ 6 ವರ್ಷದವರಿಗೆ, 2023ರಲ್ಲಿ 2 ವರ್ಷದ ಮಕ್ಕಳಿಗೆ. ಎರಡು ವಂಶವಾಹಿಗಳಲ್ಲಿ ಒಂದರಲ್ಲಿ ಈ 508ರ ದೋಷವಿದ್ದರೂ ಸಾಕು, ಔಷಧ ನಾಟುತ್ತದೆ. ಶ್ವಾಸಕೋಶ ಕಸಿಗೆ ಹೆಸರು ಬರೆಸಿದ್ದವರು ಪಟ್ಟಿಯಿಂದ ಹೆಸರು ತೆಗೆಸಿಕೊಂಡು ಕೆಲಸಕ್ಕೆ ಮರಳಿದರು. ಈ ಸಂಶೋಧನೆಗಾಗಿ ಮೈಕೆಲ್ ವೆಲ್ಷ್, ಜೀಸಸ್ ಗೊನ್ಸಾಲೆಸ್, ಪಾಲ್ ನೆಗುಲೆಸ್ಕು ಅವರಿಗೆ 2025ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ಸಲ್ಲಬೇಕಾದುದೇ.

ಇನ್ನು ಬೆಲೆಯ ವಿಷಯ. ಅಮೆರಿಕದಲ್ಲಿ ಕಂಪನಿ ನಿಗದಿಮಾಡಿದ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ಒಂದು ವರ್ಷ ತೆಗೆದುಕೊಂಡು ಬಿಡುವಂಥದಲ್ಲ, ಬದುಕಿರುವವರೆಗೂ ಬೇಕು. ಇದನ್ನು ತಯಾರಿಸಲು ತಗಲುವ ವೆಚ್ಚ ವರ್ಷಕ್ಕೆ ಆರು ಸಾವಿರ ಡಾಲರಿಗಿಂತ ಕಡಿಮೆಯೆಂದು 2022ರಲ್ಲಿ ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ. ಅರ್ಜೆಂಟೀನಾದಲ್ಲಿ ಬೇರೊಂದು ಕಂಪನಿ ಇದೇ ಔಷಧವನ್ನು ಕಡಿಮೆ ಬೆಲೆಗೆ ತಯಾರಿಸುತ್ತಿದೆ. ಆ ಕಡಿಮೆಯೂ ನಮ್ಮ ಸಂಸಾರಗಳಿಗೆ ಕಡಿಮೆಯಲ್ಲ. ಸಂಶೋಧನೆಗೆ ಹಣ ಬೇಕು, ಹತ್ತು ಪ್ರಯತ್ನಗಳಲ್ಲಿ ಒಂಬತ್ತು ಸೋಲುತ್ತವೆ ಎಂಬ ವಾದವನ್ನು ನಾನು ಬಲ್ಲೆ, ಒಪ್ಪುತ್ತೇನೆ ಕೂಡ. ಆದರೆ ಆ ಸಂಶೋಧನೆಯ ಮೊದಲ ಕಾಸು ರೋಗಿಗಳ ಮನೆಗಳಿಂದಲೇ ಬಂದುದೆಂಬುದನ್ನೂ ಮರೆಯಲಾರೆ. ಆ ಪ್ರತಿಷ್ಠಾನ ತನ್ನ ಪಾಲಿನ ಹಕ್ಕನ್ನು 2014ರಲ್ಲಿ ಮಾರಿದಾಗ ಅದಕ್ಕೆ ಬಂದ ಹಣ 330 ಕೋಟಿ ಡಾಲರು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. 508ರ ದೋಷ ಭಾರತೀಯ ರೋಗಿಗಳಲ್ಲಿ ಪಾಶ್ಚಾತ್ಯರಿಗಿಂತ ಕಡಿಮೆ. ವಿರಳವಾದ ಬೇರೆ ದೋಷಗಳೇ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ಈ ಔಷಧ ನಾಟುವುದೇ ಇಲ್ಲ. ಔಷಧ ಕೊಡಿಸುವ ಮೊದಲು ಯಾವ ಮಗುವಿಗೆ ಯಾವ ದೋಷವೆಂದು ತಿಳಿಯಬೇಕು, ಅದಕ್ಕೂ ಮೊದಲು ಮಗುವಿಗೆ ಈ ರೋಗವಿದೆಯೆಂದು ತಿಳಿಯಬೇಕು. ನವಜಾತ ಶಿಶುವಿನ ಹಿಮ್ಮಡಿಯ ಒಂದು ಹನಿ ರಕ್ತದಿಂದ ಈ ರೋಗದ ಸುಳಿವು ಹಿಡಿಯಬಹುದೆಂದು ನ್ಯೂಜಿಲೆಂಡಿನವರು 1979ರಲ್ಲೇ ತೋರಿಸಿಕೊಟ್ಟರು. ಇಂಗ್ಲೆಂಡಿನಲ್ಲಿ ಎಲ್ಲ ಶಿಶುಗಳಿಗೂ ಆ ಪರೀಕ್ಷೆ ನಡೆಯುತ್ತದೆ.

ಆ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಸಿಕ್ಕಿದ ಒಂದು ಮಗು ಈಚೆಗೆ ಕ್ರಿಸ್‌ಮಸ್ಸಿಗೆಂದು ನಮ್ಮ ಬೀದಿಗೇ ಬಂದಿತ್ತು. ನೆರೆಮನೆಯ ಅಜ್ಜಿಯ ಮೊಮ್ಮಗ. ಏಳು ವರ್ಷದ ಹುಡುಗ. ಕುಸ್ವಾರಿನ ತಟ್ಟೆ ಮುಂದಿಟ್ಟರೆ, ತಾಯಿ ಹೇಳುವ ಮೊದಲೇ ಕಿಣ್ವದ ಗುಳಿಗೆಯನ್ನು ನುಂಗಿ, ಆಮೇಲೆ ನೆವ್ರಿಗೆ ಕೈಹಾಕುತ್ತಿದ್ದ. ಮೂರು ಔಷಧಗಳ ಕೂಟವನ್ನು ಅಲ್ಲಿನ ಸರಕಾರಿ ಆರೋಗ್ಯಸೇವೆ ಅವನಿಗೆ ಪುಕ್ಕಟೆಯಾಗಿ ಕೊಡುತ್ತಿದೆ. ಬೀದಿಯ ಹುಡುಗರೊಂದಿಗೆ ಇಡೀ ದಿನ ಚೆಂಡಾಡುತ್ತಿದ್ದ. ಕೆಮ್ಮಿದ್ದನ್ನು ನಾನು ಕೇಳಲಿಲ್ಲ. ಬಾಗಿಲು ತೆರೆದರೆ ಬೆವರಿನ ಉಪ್ಪೂ ಇಳಿಯುತ್ತದೆ. ಎಳವೆಯಲ್ಲಿ ಅವನ ಹಣೆ ಉಪ್ಪಾಗಿತ್ತು, ಈಗ ಇಲ್ಲ ಎಂದು ಅಜ್ಜಿಯೇ ನನಗೆ ಹೇಳಿದರು. ಕೇಳಿ ನನಗೆ ಮಾತು ಹೊರಡಲಿಲ್ಲ.

1990ರ ಆ ಕೂಸು ಈಗ ಮೂವತ್ತೈದು ದಾಟಿದ ಹೆಂಗಸು. ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಶ್ವಾಸಕೋಶದ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿದೆ. ವಂಶವಾಹಿಯ ಪರೀಕ್ಷೆಯಲ್ಲಿ ಅವಳ ಒಂದು ಕಡೆ 508ರ ದೋಷ, ಇನ್ನೊಂದು ಕಡೆ ವಿರಳವಾದ ಬೇರೊಂದು ಎಂದು ತಿಳಿದಿದೆ. ಎಂದರೆ ಔಷಧ ಅವಳಿಗೆ ನಾಟಬೇಕು. ಅದು ಅವಳಿಗೂ ಗೊತ್ತು. ಹುಡುಗನ ಸುದ್ದಿ ಕೇಳಿ, "ಡಾಕ್ಟ್ರೇ, ನನಗೆ ಅವನನ್ನೊಮ್ಮೆ ನೋಡಬೇಕಿತ್ತು" ಎಂದಳು. ಈ ರೋಗದ ಇಬ್ಬರು ಒಂದೇ ಕೋಣೆಯಲ್ಲಿ ಕೂರಬಾರದು. ಒಬ್ಬರ ಎದೆಯ ಹಟಮಾರಿ ಕ್ರಿಮಿ ಇನ್ನೊಬ್ಬರಿಗೆ ದಾಟಿದರೆ ಅಪಾಯ. ಆದುದರಿಂದ ಒಂದು ಸಂಜೆ ಅವಳು ನಮ್ಮ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ನಿಂತಳು. ಹುಡುಗ ಅಂಗಳದಾಚೆ ಜಗಲಿಯ ಮೆಟ್ಟಿಲ ಮೇಲೆ ನಿಂತ. ನಡುವೆ ತುಳಸಿಕಟ್ಟೆ, ಎರಡು ತೆಂಗಿನ ಮರ, ನಾನು.

"ದಿನಕ್ಕೆ ಎಷ್ಟು ಮಾತ್ರೆ ಮಗಾ?" ಎಂದು ಅವಳು ಕೂಗಿ ಕೇಳಿದಳು. ಅವನಿಗೆ ನಮ್ಮ ಭಾಷೆ ಅಷ್ಟಾಗಿ ಬಾರದು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ ಮೂರು ಬೆರಳೆತ್ತಿದ. ಆಮೇಲೆ, ಅವಳಿಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು, ಎರಡು ಬೆರಳೆತ್ತಿ ಆಕಾಶದಲ್ಲಿ ಸೂರ್ಯನಿರಬೇಕಾದ ಕಡೆಗೂ, ಒಂದು ಬೆರಳೆತ್ತಿ ಮಲಗುವ ಹಾಗೆ ಕೆನ್ನೆಗೂ ತೋರಿಸಿದ: ಬೆಳಗ್ಗೆ ಎರಡು, ರಾತ್ರಿ ಒಂದು. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ನಿಂತಿದ್ದು, ಕೈಬೀಸಿ, ಪಂಪ್‌ವೆಲ್ಲಿನ ಕಡೆಗೆ ಬಸ್ಸು ಹಿಡಿಯಲು ಮೆಲ್ಲನೆ ನಡೆದುಹೋದಳು.